ಗಾಡಿ ಕಟ್ಟಿಕೊಂಡು ಧ್ರುವಪ್ರಭೆ ನೋಡಲು ಹೊರಡುವವರಿಗೆ

ರಾತ್ರಿ ಎರಡೂವರೆಗೆ ನಾವು ಮಲಗಿದ್ದ ಕ್ಯಾಂಪರ್‌ವ್ಯಾನಿನ ಅಡಿಯಿಂದ ಸುರ್ರನೆ ಸದ್ದು. “ಮಳೆ ಶುರುವಾಯ್ತು,” ಅಂದರು ಭಾವ, ಕಣ್ಣು ಬಿಡದೆ. ಹೊರಗೆ ಮೈನಸ್ 19 ಡಿಗ್ರಿ, ಮಳೆ ಎಲ್ಲಿಂದ ಬರಬೇಕು? ಟಾರ್ಚ್ ಹಿಡಿದು ಇಳಿದು ನೋಡಿದರೆ ಹಿಂದಿನ ಚಕ್ರದ ಪಕ್ಕ ನಮ್ಮದೇ ನೀರು ಹಿಮದ ಮೇಲೆ ಹರಿದು ಕಣ್ಣೆದುರೇ ಗಾಜಾಗುತ್ತಿತ್ತು. ಫ್ಯಾನಿನ ಸದ್ದಿಗೆ ನಿದ್ದೆ ಬರುತ್ತಿಲ್ಲವೆಂದು ಹೀಟರನ್ನು ತೀರಾ ಕೆಳಗಿಳಿಸಿದ್ದವಳು ನಾನೇ. ಬಾಯ್ಲರ್ ಪಕ್ಕದಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ಅಲ್ಲಿನ ಉಷ್ಣತೆ ಸುಮಾರು 3 ಡಿಗ್ರಿಗೆ ಇಳಿದರೆ, ನೀರು ಹೆಪ್ಪುಗಟ್ಟಿ ಬಾಯ್ಲರ್ ಒಡೆಯದಿರಲೆಂದು ಅದು ತಾನಾಗಿ ತೆರೆದು ನೀರು ಚೆಲ್ಲಿಬಿಡುತ್ತದೆ. ಅದು ತನ್ನ ಕೆಲಸ ಮಾಡಿತ್ತು. ನಾವು ಪಂಪ್ ಆಫ್ ಮಾಡಿರಲಿಲ್ಲವಾದ್ದರಿಂದ ಬಾಯ್ಲರ್ ಖಾಲಿಯಾದ ಮೇಲೆ ಟ್ಯಾಂಕಿನ ನೀರೂ ಅದೇ ದಾರಿ ಹಿಡಿದಿತ್ತು. ಬೆಳಿಗ್ಗೆ ಹಲ್ಲುಜ್ಜಿದ್ದು ಹಿಮ ಕರಗಿಸಿ.

ಉತ್ತರದ ರಾತ್ರಿಯಾಕಾಶದಲ್ಲಿ ಮೂಡುವ ಬಣ್ಣದ ಬೆಳಕೇ ಧ್ರುವಪ್ರಭೆ. ಅದನ್ನು ನೋಡಲು ನಾನು, ಅಕ್ಕ, ಭಾವ ಮೂವರೂ ಸೇರಿ ಎರಡು ಸಲ ಹೀಗೆ ಹೋಗಿದ್ದೇವೆ. ಮೊದಲ ಸಲ ಮಾರ್ಚ್‌ನಲ್ಲಿ, ಎರಡನೆಯ ಸಲ ಸೆಪ್ಟೆಂಬರ್ ಕೊನೆಯಲ್ಲಿ. ಎರಡೂ ಸಲ ಹೊರಟಿದ್ದು ನಾರ್ವೆಯ ಟ್ರೊಮ್ಸೊದಿಂದ. ಬೆಚ್ಚಗಿನ ಹೋಟೆಲ್ ಬಿಟ್ಟು ಕ್ಯಾಂಪರ್‌ವ್ಯಾನ್ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಮೋಡ ಕವಿದರೆ ಹಾಸಿಗೆ ಸಮೇತ ಎದ್ದು ಹೋಗಬಹುದು. ಇದನ್ನು ಮರೆತು ಯೋಜನೆ ಹಾಕಿದರೆ ಗಾಡಿಗೆ ಕೊಟ್ಟ ದುಡ್ಡು ದಂಡ.

ಭಾವ ಮರೆತಿದ್ದರು. ಮೊದಲ ಸಲ ಹತ್ತು ರಾತ್ರಿಗೂ ಕ್ಯಾಂಪ್‌ಸೈಟ್ ಬುಕ್ ಮಾಡಿ, ಬಣ್ಣ ಹಚ್ಚಿದ ಎಕ್ಸೆಲ್ ಶೀಟ್ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು. ಮೊದಲ ಎರಡು ರಾತ್ರಿ ಕರಾವಳಿಯಲ್ಲಿ ಹಿಮ ಸುರಿಯಿತು. ನಾವು ಮುಂಗಡ ಕೊಟ್ಟ ಜಾಗದಲ್ಲೇ ಕೂತು ಇಸ್ಪೀಟು ಆಡಿದೆವು. ಎರಡೂ ರಾತ್ರಿ ಒಳನಾಡಿನಲ್ಲಿ ಆಕಾಶ ತಿಳಿಯಾಗಿತ್ತೆಂದು ಉಪಗ್ರಹ ಚಿತ್ರ ಹೇಳುತ್ತಿತ್ತು. ಮೂರನೆಯ ದಿನ ಅಕ್ಕ ಆ ಶೀಟನ್ನು ಒದ್ದೆ ಬೂಟಿನೊಳಗೆ ತುರುಕಿದಳು. ಹಾಗಾಗಿ ಮೊದಲ ಮತ್ತು ಕೊನೆಯ ರಾತ್ರಿ ಮಾತ್ರ ಬುಕ್ ಮಾಡಿ, ನಡುವಿನದ್ದನ್ನು ಬಿಟ್ಟಿಡಿ. ಕನಿಷ್ಠ ಏಳು ರಾತ್ರಿ ಇರಲಿ. ಮೂರು ರಾತ್ರಿಗೆ ಹೋಗುವುದು ಜೂಜು.

ಯಾವಾಗ ಹೋಗಬೇಕು? ಬೇಸಿಗೆಯಲ್ಲಿ ಅಲ್ಲಿ ಕತ್ತಲೇ ಆಗುವುದಿಲ್ಲ, ಹಾಗಾಗಿ ಮೇಯಿಂದ ಆಗಸ್ಟ್ ಮಧ್ಯದವರೆಗೆ ಮಾತೇ ಬೇಡ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಟ್ರೊಮ್ಸೊದಲ್ಲಿ ಸೂರ್ಯ ಹುಟ್ಟುವುದಿಲ್ಲ. ಕತ್ತಲು ಹೆಚ್ಚಿದ್ದರೆ ಒಳ್ಳೆಯದಲ್ಲವೇ ಅನ್ನಿಸುತ್ತದೆ. ಆದರೆ ಮಂಜುಗಡ್ಡೆಯ ರಸ್ತೆಯಲ್ಲಿ ಇಡೀ ದಿನ ಹೆಡ್‌ಲೈಟ್ ಬೆಳಕಲ್ಲೇ ಮೂರೂವರೆ ಟನ್ ಗಾಡಿ ಓಡಿಸಬೇಕಲ್ಲ! ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಸೆಪ್ಟೆಂಬರ್ ಕೊನೆಯ ವಾರ. ನೀರು ಹೆಪ್ಪುಗಟ್ಟುವ ತಲೆನೋವು ಇಲ್ಲ, ರಸ್ತೆ ಬಹುಪಾಲು ಬರಿದಾಗಿರುತ್ತದೆ, ರಾತ್ರಿ ಒಂಬತ್ತಕ್ಕೆ ಸಾಕಷ್ಟು ಕತ್ತಲು. ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಭೂಮಿಯ ಕಾಂತಕ್ಷೇತ್ರ ಸೌರಮಾರುತಕ್ಕೆ, ಅಂದರೆ ಪ್ರಭೆ ಹೊತ್ತಿಸುವ ಸೂರ್ಯನ ಕಣಗಳ ಗಾಳಿಗೆ, ಹೆಚ್ಚು ಸುಲಭವಾಗಿ ಬಾಗಿಲು ತೆರೆಯುತ್ತದೆ. ರಸೆಲ್ ಮತ್ತು ಮ್ಯಾಕ್‌ಫೆರಾನ್ ಎಂಬ ವಿಜ್ಞಾನಿಗಳು 1973ರಲ್ಲಿ ಇದಕ್ಕೆ ಕಾರಣ ವಿವರಿಸಿದ್ದಾರೆ. ಹಿಮವೂ ಬೇಕು, ಪ್ರಭೆಯೂ ಬೇಕು ಅನ್ನುವವರು ಮಾರ್ಚ್‌ಗೆ ಹೋಗಲಿ, ಆದರೆ ಮೇಲಿನ ವಾಲ್ವಿನ ಕಥೆ ಇನ್ನೊಮ್ಮೆ ಓದಿಕೊಳ್ಳಲಿ.

ಸೂರ್ಯನ ಚಟುವಟಿಕೆಯ ಈಗಿನ ಆವರ್ತ ಗರಿಷ್ಠ ಹಂತ ತಲುಪಿದೆಯೆಂದು ನಾಸಾ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಗರಿಷ್ಠ ದಾಟಿದ ಮೇಲಿನ ವರ್ಷಗಳೂ ಕೆಟ್ಟವಲ್ಲ. ದಿನಾಂಕ ಆರಿಸುವಾಗ ಒಂದು ಸಣ್ಣ ಲೆಕ್ಕ ನೆರವಾಗುತ್ತದೆ. ಭೂಮಿಯಿಂದ ನೋಡಿದರೆ ಸೂರ್ಯ ತನ್ನ ಸುತ್ತ ಒಂದು ಸುತ್ತು ತಿರುಗಲು ಸುಮಾರು 27 ದಿನ. ಈ ತಿಂಗಳು ಪ್ರಭೆ ಜೋರಾಗಿದ್ದ ದಿನಕ್ಕೆ 27 ಕೂಡಿಸಿದರೆ ಸೂರ್ಯನ ಮೇಲಿನ ಅದೇ ಸೌರಮಾರುತದ ಮೂಲ ಮತ್ತೆ ನಮ್ಮ ಕಡೆ ಮುಖ ಮಾಡಿರುವ ಸಾಧ್ಯತೆ ಇದೆ. ಗ್ಯಾರಂಟಿಯಲ್ಲ. ರಜೆ ಈ ವಾರವೋ ಮುಂದಿನ ವಾರವೋ ಎಂಬ ಗೊಂದಲವಿದ್ದರೆ ಒಂದು ಕಡೆ ವಾಲಲು ಸಾಕು.

ಟ್ರೊಮ್ಸೊ ಕರಾವಳಿಯ ಊರು, ಸಮುದ್ರದ ಮೋಡಕ್ಕೆ ಮೊದಲ ತುತ್ತು. ಅಲ್ಲಿಂದ ಇ8 ರಸ್ತೆ ಹಿಡಿದು ಶಿಬೊಟ್ನ್ ಕಣಿವೆ ಹತ್ತಿದರೆ ಫಿನ್ಲೆಂಡಿನ ಕಿಲ್ಪಿಸ್ಯಾರ್ವಿ. ಒಟ್ಟು 160 ಕಿಲೋಮೀಟರ್ ಆಸುಪಾಸು. ಲಿಂಗೆನ್ ಪರ್ವತಗಳು ತೇವವನ್ನು ಆಚೆಯೇ ಇಳಿಸಿಬಿಡುವುದರಿಂದ ಶಿಬೊಟ್ನ್ ಕಡೆ ಮಳೆ ಕಡಿಮೆ, ಟ್ರೊಮ್ಸೊ ವಿಶ್ವವಿದ್ಯಾಲಯದ ವೀಕ್ಷಣಾಲಯವೂ ಅಲ್ಲೇ ಇದೆ. ಇನ್ನೊಂದು ದಾರಿ ದಕ್ಷಿಣಕ್ಕೆ, ನಾರ್ವಿಕ್ ಹತ್ತಿರದಿಂದ ಇ10 ಹಿಡಿದು ಸ್ವೀಡನ್ನಿನ ಅಬಿಸ್ಕೊಗೆ. ಅಬಿಸ್ಕೊ ಕೂಡ ಪರ್ವತಗಳ ಮಳೆನೆರಳಿನ ಊರು. ಸುತ್ತ ಮೋಡವಿದ್ದರೂ ಟೋರ್ನೆಟ್ರೆಸ್ಕ್ ಸರೋವರದ ಮೇಲೆ ಆಗಾಗ ಒಂದು ತೂತು ತೆರೆದಿರುತ್ತದೆ, ಅದಕ್ಕೆ ಅಲ್ಲಿಯವರು ನೀಲಿ ಕಿಂಡಿ ಅನ್ನುತ್ತಾರೆ. ಸಮಯವಿದ್ದರೆ ಉತ್ತರಕ್ಕೆ ಆಲ್ಟಾ. ಅದರ ಹತ್ತಿರದ ಹಾಲ್ಡೆ ಬೆಟ್ಟದ ಮೇಲೆ ನಾರ್ವೆಯ ವಿಜ್ಞಾನಿ ಕ್ರಿಸ್ತಿಯಾನ್ ಬಿರ್ಕೆಲಾಂಡ್ 1899ರಲ್ಲಿ ಧ್ರುವಪ್ರಭೆಗೆಂದೇ ವೀಕ್ಷಣಾಲಯ ಕಟ್ಟಿಸಿದರು. ಮೂರು ದೇಶಗಳಿಗೂ ಒಂದೇ ಷೆಂಗೆನ್ ವೀಸಾ ಸಾಕು. ಆದರೆ ಗಾಡಿ ಗಡಿ ದಾಟಬಹುದು ಎಂದು ಬಾಡಿಗೆ ಕರಾರಿನಲ್ಲಿ ಬರೆದಿರಬೇಕು, ಬಾಯಿಮಾತು ಬೇಡ.

ಸಂಜೆಯ ಕೆಲಸ ಇದು. ಎಲ್ಲರೂ ಕೆಪಿ ಸೂಚ್ಯಂಕ, ಅಂದರೆ ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂಬ ಅಳತೆ, ಎಷ್ಟು ಅಂತ ನೋಡುತ್ತಾರೆ. 0ರಿಂದ 9ರವರೆಗಿನ ಆ ಅಂಕಿ ದಕ್ಷಿಣದ ದೇಶಗಳಲ್ಲಿ ಇರುವವರಿಗೆ ಮುಖ್ಯ. ನಾವು ನಿಂತಿರುವುದೇ ಧ್ರುವದ ಸುತ್ತ ಹಬ್ಬಿರುವ ಪ್ರಭೆಯ ಬಳೆಯ ಕೆಳಗೆ, ಇಲ್ಲಿ 1 ಅಥವಾ 2 ಇದ್ದರೂ ಕಾಣಬಹುದು. ಪ್ರಭೆ ಇರುವುದು ನೂರು ಕಿಲೋಮೀಟರ್‌ಗೂ ಮೇಲೆ, ಮೋಡ ಅದರ ಎಷ್ಟೋ ಕೆಳಗೆ. ಆದ್ದರಿಂದ ಮೊದಲು ನಾರ್ವೆಯ ಹವಾಮಾನ ಸಂಸ್ಥೆಯವರ ಯುರ್ (Yr) ಆ್ಯಪ್ ತೆರೆದು ಗಂಟೆಗಂಟೆಯ ಮೋಡ ನೋಡಿ. ತೆಳು ಎತ್ತರದ ಮೋಡವಾದರೆ ಹೆದರಬೇಡಿ, ಕೆಳಮಟ್ಟದ ಮೋಡವಾದರೆ ಗಾಡಿ ತಿರುಗಿಸಿ. ಆಮೇಲೆ ಸೌರಮಾರುತದ ಬಿ-ಝಡ್ (Bz) ಅಂಕಿ, ಅಂದರೆ ಅದು ಹೊತ್ತು ತರುವ ಕಾಂತಕ್ಷೇತ್ರ ಉತ್ತರಕ್ಕೆ ವಾಲಿದೆಯೋ ದಕ್ಷಿಣಕ್ಕೋ ಎಂಬ ಅಳತೆ; ಮೈನಸ್ ಎಂದರೆ ದಕ್ಷಿಣ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಇರುವ ಉಪಗ್ರಹಗಳು ಅದನ್ನು ಅಳೆದು ಕಳಿಸುತ್ತವೆ. ಅದು ಮೈನಸ್‌ಗೆ ಇಳಿದು ಅಲ್ಲೇ ನಿಂತರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಏನಾದರೂ ಆಗಬಹುದು, ಬೂಟು ಹಾಕಿಕೊಳ್ಳಿ. ದಿನದ ಡ್ರೈವಿಂಗ್ ಸಂಜೆ ಆರರೊಳಗೆ ಮುಗಿದಿರಲಿ. ರಾತ್ರಿ ಒಂಬತ್ತರಿಂದ ಒಂದರವರೆಗೆ ಕಾಯುವುದೇ ಕೆಲಸ.

ಗಾಡಿ ಬಾಡಿಗೆಗೆ ತೆಗೆದುಕೊಳ್ಳುವಾಗ ಬೆಡ್‌ಶೀಟಿನ ಬಣ್ಣ ಯಾರಿಗೆ ಬೇಕು, ಕೆಳಗಿನವನ್ನು ಕೇಳಿ. ನೀರಿನ ಟ್ಯಾಂಕ್ ಒಳಗಿದೆಯೋ ಹೊರಗೆ ತೂಗಾಡುತ್ತಿದೆಯೋ? ಬಳಸಿದ ನೀರಿನ ಟ್ಯಾಂಕಿಗೆ ಬಿಸಿ ತಾಗುತ್ತದೋ? ಹೀಟರ್ ಡೀಸೆಲ್‌ದೋ ಗ್ಯಾಸ್‌ದೋ? ಗ್ಯಾಸ್ ಆದರೆ ಸಿಲಿಂಡರಿನಲ್ಲಿರುವುದು ಶುದ್ಧ ಪ್ರೊಪೇನೇ? ಬ್ಯೂಟೇನ್ ಮೈನಸ್ 0.5 ಡಿಗ್ರಿಯಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಅಂದರೆ ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಜಗ್ಗುವುದಿಲ್ಲ. ದೇಶ ಬದಲಾದರೆ ಸಿಲಿಂಡರಿನ ಬಾಯಿಯೂ ಬದಲಾಗುತ್ತದೆ, ಹಾಗಾಗಿ ಹೆಚ್ಚುವರಿ ಸಿಲಿಂಡರ್ ಹೊರಟಲ್ಲಿಂದಲೇ ಇರಲಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯೇ ಅಂತ ಬಟನ್ ಒತ್ತಿ ಪರೀಕ್ಷಿಸಿ. ಟೈರು: ಉತ್ತರ ನಾರ್ವೆಯಲ್ಲಿ ಮಂಜುಗಡ್ಡೆಯ ಮೇಲೆ ಹಿಡಿತಕ್ಕೆಂದು ಮೊಳೆ ಹೊಡೆದ ಟೈರಿಗೆ ಅಕ್ಟೋಬರ್ 16ರಿಂದ ಏಪ್ರಿಲ್ 30ರವರೆಗೆ ಅನುಮತಿ ಇದೆ. ಸೆಪ್ಟೆಂಬರ್‌ನಲ್ಲಿ ಹೋಗುವವರು ಮೊಳೆಯಿಲ್ಲದ ಚಳಿಗಾಲದ ಟೈರು ಕೇಳಿ ಪಡೆಯಿರಿ, ಘಾಟಿಯ ಮೇಲೆ ಹಿಮ ಯಾವಾಗ ಬಿದ್ದೀತೋ ಗೊತ್ತಿಲ್ಲ.

ಮಾರ್ಚ್‌ಗೆ ಹೋಗುವವರಿಗೆ ಇನ್ನಷ್ಟು. ಹೀಟರ್ ರಾತ್ರಿಯಿಡೀ 15 ಡಿಗ್ರಿಗೆ ಇಳಿಯದ ಹಾಗೆ ಓಡಲಿ, ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಬಾಯ್ಲರ್ ಇರುವ ಗೂಡಿನ ಬಾಗಿಲು ಅರ್ಧ ತೆರೆದಿಡಿ. ಮಲಗುವ ಮುಂಚೆ ಪಂಪ್ ಆಫ್. ಐದು ಲೀಟರಿನ ಒಂದು ಕ್ಯಾನ್ ನೀರು ಯಾವಾಗಲೂ ಒಳಗೆ, ಹಾಸಿಗೆಯ ಪಕ್ಕ. ಹಿಮ ಬಿದ್ದ ಬೆಳಿಗ್ಗೆ ಹೀಟರಿನ ಹೊಗೆಕೊಳವೆ ಮುಚ್ಚಿಹೋಗಿದೆಯೇ ನೋಡಿ, ಕೈಯಲ್ಲೇ ಬಿಡಿಸಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹೆಪ್ಪುಗಟ್ಟಿ ಹಿಡಿದುಕೊಳ್ಳಬಹುದು, ಸಮತಟ್ಟಾದ ಜಾಗದಲ್ಲಿ ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಕಿಟಕಿಯ ಒಳಗಡೆ ನಮ್ಮ ಉಸಿರೇ ಮಂಜಾಗಿ ಕಟ್ಟುತ್ತದೆ. ಚಳಿಯೆಂದು ಮೇಲಿನ ಗಾಳಿಕಿಂಡಿ ಮುಚ್ಚಿದರೆ ಬೆಳಗಿನ ಹೊತ್ತಿಗೆ ಹೊದಿಕೆ ಒದ್ದೆ.

ಘಾಟಿಯಲ್ಲಿ ಗಾಳಿ ಎದ್ದರೆ ನಾರ್ವೆಯಲ್ಲಿ ರಸ್ತೆ ಮುಚ್ಚುತ್ತಾರೆ, ಇಲ್ಲವೇ ಹಿಮ ಗೋರುವ ಗಾಡಿಯ ಹಿಂದೆ ಸಾಲಾಗಿ ಬಿಡುತ್ತಾರೆ. ಹೊರಡುವ ಮುಂಚೆ 175ಕ್ಕೆ ಫೋನ್ ಮಾಡಿದರೆ ರಸ್ತೆಯ ಸ್ಥಿತಿ ಹೇಳುತ್ತಾರೆ. ಹಗಲಲ್ಲೂ ಹೆಡ್‌ಲೈಟ್ ಕಡ್ಡಾಯ. ಹಿಮಸಾರಂಗ ಒಂದು ದಾಟಿದರೆ ನಿಲ್ಲಿಸಿ, ಹಿಂದೆ ಅದರ ಸಂಸಾರವೇ ಬರುತ್ತಿರುತ್ತದೆ. ನಾರ್ವೆ, ಸ್ವೀಡನ್ ಎರಡರಲ್ಲೂ ರಕ್ತದಲ್ಲಿ ಮದ್ಯದ ಮಿತಿ ಸಾವಿರಕ್ಕೆ 0.2 ಭಾಗ. ರಾತ್ರಿ ಮೋಡ ಬಂದರೆ ಗಾಡಿ ತೆಗೆಯಬೇಕಾದವರು ಬಿಯರ್ ಮುಟ್ಟದಿರುವುದೇ ಕ್ಷೇಮ. ಭಾವನಿಗೆ ಇದೊಂದು ಬೇಸರ.

ನಿಲ್ಲಿಸುವುದು ಎಲ್ಲಿ? ನಾರ್ವೆಯಲ್ಲಿ ಎಲ್ಲರಿಗೂ ಕಾಡುಮೇಡಿನಲ್ಲಿ ಓಡಾಡುವ ಹಕ್ಕಿದೆ, ಮನೆಯಿಂದ 150 ಮೀಟರ್ ದೂರದಲ್ಲಿ ಟೆಂಟ್ ಹಾಕಬಹುದು. ಅದು ನಡೆದು ಹೋಗುವವನ ಹಕ್ಕು, ಗಾಡಿಯದಲ್ಲ. ರಸ್ತೆ ಬಿಟ್ಟು ಹುಲ್ಲಿಗೆ ಚಕ್ರ ಇಳಿಸುವಂತಿಲ್ಲ. ಕಿರಿದಾದ ರಸ್ತೆಯ ಪಕ್ಕ ‘ಎಮ್’ ಫಲಕವಿರುವ ಅಗಲ ಜಾಗ ಎದುರು ಗಾಡಿಗೆ ದಾರಿ ಬಿಡಲು, ಅಲ್ಲಿ ಮಲಗಬೇಡಿ. ಹಗಲಲ್ಲೇ ಜಾಗ ನೋಡಿಟ್ಟುಕೊಳ್ಳಿ. ಬೀದಿದೀಪವಿರಬಾರದು, ಉತ್ತರ ದಿಕ್ಕು ತೆರೆದಿರಬೇಕು, ಮುಂಜಾನೆ ಹಿಮ ಗೋರುವವರಿಗೆ ಅಡ್ಡಿಯಾಗಬಾರದು. ಮೂರು ನಾಲ್ಕು ರಾತ್ರಿಗೊಮ್ಮೆ ಕ್ಯಾಂಪ್‌ಸೈಟಿಗೆ ಹೋಗಿ ಸ್ನಾನ, ಚಾರ್ಜಿಂಗ್, ಟಾಯ್ಲೆಟ್ಟಿನ ಕೊಳೆ ತುಂಬುವ ಡಬ್ಬಿ ಖಾಲಿ ಮಾಡುವುದು ಎಲ್ಲ ಮುಗಿಸಿಕೊಳ್ಳಿ.

ಎರಡನೆಯ ಸಲ ಅಬಿಸ್ಕೊದ ಹತ್ತಿರ, ಸರೋವರದ ದಂಡೆ. ಹತ್ತೂಕಾಲಿಗೆ ಬೆಟ್ಟದ ಮೇಲೆ ಬೂದು ಪಟ್ಟಿಯೊಂದು ಎದ್ದಿತು. “ಮೋಡ ಕಣೇ, ಮಲಗು,” ಅಂದಳು ಅಕ್ಕ. ನನಗೂ ಹಾಗೇ ಅನ್ನಿಸಿತು. ಫೋನನ್ನು ಕಲ್ಲಿನ ಮೇಲೆ ಒರಗಿಸಿ ಮೂರು ಸೆಕೆಂಡಿನ ಚಿತ್ರ ತೆಗೆದೆ, ಅದರಲ್ಲಿ ಅದು ಅಪ್ಪಟ ಹಸಿರು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಹಾಗಾಗಿ ಅನುಮಾನ ಬಂದಾಗಲೆಲ್ಲ ಇದೇ ಪರೀಕ್ಷೆ ಮಾಡಿ. ಹತ್ತು ನಿಮಿಷದಲ್ಲಿ ಆ ಪಟ್ಟಿ ನೆತ್ತಿಗೆ ಬಂದು ಪರದೆಯ ಹಾಗೆ ಮಡಿಕೆ ಬಿಚ್ಚಿತು. ಈಗ ಬರಿಗಣ್ಣಿಗೂ ಹಸಿರು, ಕೆಳ ಅಂಚಿನಲ್ಲಿ ನೇರಳೆ ಮಿಂಚು. ಹಸಿರು ಆಮ್ಲಜನಕದ್ದು, ನೇರಳೆ ಸಾರಜನಕದ್ದು. ಭಾವ ಖುಷಿಯಲ್ಲಿ ಶಿಳ್ಳೆ ಹಾಕಲು ಹೋದರು, ಅಕ್ಕ ಬಾಯಿ ಮುಚ್ಚಿದಳು. ಪ್ರಭೆಯನ್ನು ಕಂಡು ಶಿಳ್ಳೆ ಹಾಕಬಾರದೆಂದು ಅಲ್ಲಿನ ಮೂಲನಿವಾಸಿ ಸಾಮಿ ಜನರ ನಂಬಿಕೆ.

ಕ್ಯಾಮೆರಾ ಇರುವವರು ಟ್ರೈಪಾಡ್ ಮರೆಯಬೇಡಿ. ಫೋಕಸ್ ಮ್ಯಾನುಯಲ್‌ಗೆ ಹಾಕಿ ಒಂದು ನಕ್ಷತ್ರ ಚುಕ್ಕಿಯಾಗುವವರೆಗೆ ತಿರುಗಿಸಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600ರಿಂದ ಶುರು ಮಾಡಿ. ಪ್ರಭೆ ಕುಣಿಯುತ್ತಿದ್ದರೆ ಷಟರ್ ಎರಡು ಮೂರು ಸೆಕೆಂಡು ತೆರೆದಿರಲಿ, ಸುಮ್ಮನಿದ್ದರೆ ಹತ್ತು. ಬ್ಯಾಟರಿ ಒಳಜೇಬಿನಲ್ಲಿರಲಿ. ವಾಪಸ್ ಒಳಗೆ ಬರುವ ಮುಂಚೆ ಕ್ಯಾಮೆರಾವನ್ನು ಹೊರಗೇ ಜಿಪ್ ಚೀಲಕ್ಕೆ ಹಾಕಿ, ಇಲ್ಲವಾದರೆ ಬಿಸಿಗಾಳಿ ತಾಗಿ ಲೆನ್ಸ್ ಬೆವರುತ್ತದೆ.

ಎಲ್ಲರೂ ಎಚ್ಚರವಿದ್ದು ಕಾಯುವುದು ಎರಡು ರಾತ್ರಿಗೆ ಸಾಕಾಗಿಬಿಡುತ್ತದೆ, ಮರುದಿನ ಗಾಡಿ ಓಡಿಸುವವರಿಗೆ ಅದು ಅಪಾಯವೂ ಹೌದು. ನಾವು ಗಂಟೆಗೊಬ್ಬರ ಪಾಳಿ ಹಾಕಿಕೊಂಡೆವು. ಪಾಳಿಯವರು ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ತಲೆ ಹೊರಗೆ ಹಾಕಬೇಕು, ಒಳಗೆ ಕೆಂಪು ದೀಪ ಮಾತ್ರ. ಏನಾದರೂ ಕಂಡರೆ ಸೌಟಿನಿಂದ ಸಿಂಕ್‌ಗೆ ಎರಡು ಪೆಟ್ಟು. ಉಳಿದವರು ಬೆಚ್ಚನೆಯ ಥರ್ಮಲ್ ಒಳಉಡುಪು ಹಾಕಿಕೊಂಡೇ ಮಲಗಬೇಕು, ಬೂಟಿನ ಲೇಸ್ ಸಡಿಲಿಸಿ ಬಾಗಿಲ ಪಕ್ಕ ಸಾಲಾಗಿ ಇಟ್ಟಿರಬೇಕು. ಭಾವ ಒಂದು ರಾತ್ರಿ ಲೇಸ್ ಬಿಚ್ಚದೆ ಇಟ್ಟು, ಕೊನೆಗೆ ಬರೀ ಕಾಲುಚೀಲದಲ್ಲಿ ಹೊರಗೆ ಓಡಿದರು.