ಮನೇಲೇ ಎಳ್ಳು-ಬೆಲ್ಲ ಮಾಡ್ತೀನಿ ಅನ್ನೋರು ಹತ್ತು ದಿನ ಮುಂಚೆ ಇದನ್ನ ಓದಿ

ಪ್ರತಿ ವರ್ಷ ಜನವರಿ 12, 13ನೇ ತಾರೀಕು ಯಾರಾದ್ರೂ ಒಬ್ರು ಮೆಸೇಜ್ ಹಾಕ್ತಾರೆ, ಎಳ್ಳು-ಬೆಲ್ಲ ಹೆಂಗ್ ಮಾಡೋದು ಸ್ವಲ್ಪ ಹೇಳೇ ಅಂತ. ನಾನು ಹೇಳೋದು ಇಷ್ಟೇ, ಈ ಸಲ ಅಂಗಡೀಲಿ ತಗೊಂಬಿಡು, ಮುಂದಿನ ವರ್ಷ 4ನೇ ತಾರೀಕು ಕೇಳು. ಕೊಬ್ಬು ಅಂದ್ಕೋತಾರೋ ಏನೋ, ಆದ್ರೆ ನಿಜ ಅದೇ. ಎಳ್ಳು-ಬೆಲ್ಲದಲ್ಲಿ ಅಡುಗೆ ಅನ್ನೋದು ಏನೂ ಇಲ್ಲ, ಇರೋದೆಲ್ಲ ಒಣಗಿಸೋ ಕೆಲಸ. ಕೊಬ್ಬರಿ ಒಣಗ್ಬೇಕು, ಬೆಲ್ಲ ಒಣಗ್ಬೇಕು, ಕಡ್ಲೆಬೀಜ ಪೂರ್ತಿ ಆರ್ಬೇಕು, ಒಂದು ಚೂರು ಪಸೆ ಉಳಿದ್ರೂ ಹಬ್ಬದ ದಿನ ಡಬ್ಬಿ ತೆಗೆದಾಗ ಗೊತ್ತಾಗುತ್ತೆ.

ನನಗೆ ಹೆಂಗ್ ಗೊತ್ತಾಯ್ತು ಅಂದ್ರೆ, ಮದುವೆಯಾದ ಮೊದಲ ಸಂಕ್ರಾಂತಿಗೆ ಎಲ್ಲಾ ನಾನೇ ಮಾಡ್ತೀನಿ ಅಂತ ಜಂಬ ಕೊಚ್ಕೊಂಡು ಹಿಂದಿನ ದಿನ ರಾತ್ರಿ ಕೂತೆ, ಕಡ್ಲೆಬೀಜ ಹುರಿದು ಸಿಪ್ಪೆ ತೆಗೆದು ಇನ್ನೂ ಬೆಚ್ಚಗಿದ್ದಾಗ್ಲೇ ಬೆಲ್ಲದ ಜೊತೆ ಸುರಿದು ಕಲಸಿ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಹಾಕ್ಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಡಬ್ಬಿ ಆಕಾರದಲ್ಲೇ ಒಂದು ಗಟ್ಟಿ ಉಂಡೆ. ನಮ್ಮತ್ತೆ ಚಾಕು ತಗೊಂಡು ಬಿಡಿಸ್ತಾ, "ಪರ್ವಾಗಿಲ್ಲ ಕಣೇ, ಚಿಕ್ಕಿ ಚೆನ್ನಾಗ್ ಬಂದಿದೆ" ಅಂದ್ರು. ಅವತ್ತಿಂದ ಅವರು ಹೇಳ್ದಂಗೇ ಮಾಡ್ತಿರೋದು.

ಅಳತೆ ಒಬ್ಬೊಬ್ರ ಮನೇಲಿ ಒಂದೊಂದು ಥರ. ನಮ್ಮನೇದು ಹೀಗೆ: ಕೊಬ್ಬರಿ, ಬೆಲ್ಲ, ಕಡ್ಲೆಬೀಜ ತಲಾ ಅರ್ಧ ಕೆಜಿ, ಹುರಿಗಡಲೆ ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ, ಬಿಳಿ ಎಳ್ಳು 150 ಗ್ರಾಂ. ಹುರಿಗಡಲೆ ಸುರಿದಷ್ಟೂ ಡಬ್ಬಿ ಬೇಗ ತುಂಬುತ್ತೆ, ಅದಕ್ಕೇ ಅಂಗಡಿ ಪ್ಯಾಕೆಟ್ಟಲ್ಲಿ ಅರ್ಧಕ್ಕರ್ಧ ಅದೇ ಇರುತ್ತೆ, ಕೊಬ್ಬರಿ ಹುಡುಕ್ಬೇಕು. ಕರಿ ಎಳ್ಳು ಮಾತ್ರ ತರ್ಬೇಡಿ, ಅದು ತರ್ಪಣಕ್ಕೆ, ಹಬ್ಬಕ್ಕೆ ಬೀರೋದು ಬಿಳಿದೇ.

ಮೊದಲು ಕೊಬ್ಬರಿ, ಯಾಕಂದ್ರೆ ಜಾಸ್ತಿ ದಿನ ಹಿಡಿಯೋದು ಅದೇ. ಪೂರ್ತಿ ಗಿಟುಕು ತಗೊಳ್ಳಿ, ತಿಪಟೂರು ಕೊಬ್ಬರಿ ಸಿಕ್ರೆ ಇನ್ನೂ ಒಳ್ಳೇದು. ಅಂಗಡಿಯವನ ಮುಂದೇನೇ ಒಂದು ಒಡೆಸಿ ನೋಡಿ, ಒಳಗೆ ಬೆಳ್ಳಗಿರ್ಬೇಕು, ಬೂಷ್ಟಿನ ಚುಕ್ಕೆ ಇರ್ಬಾರ್ದು, ಮೂಸಿದ್ರೆ ಕಮಟು ವಾಸನೆ ಬರ್ಬಾರ್ದು. ಮನೆಗೆ ತಂದು ಮೇಲಿನ ಕಂದು ಸಿಪ್ಪೇನ ಪೀಲರಲ್ಲೋ ತುರಿಮಣೆಯಲ್ಲೋ ಹೆರೆದು ತೆಗೀಬೇಕು (ಹೆರೆದ ಪುಡಿ ಬಿಸಾಕ್ಬೇಡಿ, ಚಟ್ನಿಪುಡಿಗೆ ಆಗುತ್ತೆ). ಆಮೇಲೆ ತೆಳ್ಳಗೆ ಉದ್ದುದ್ದ ಸೀಳಿ, ಆ ಕಡ್ಡಿಗಳನ್ನ ಜೋಡಿಸ್ಕೊಂಡು ಅಡ್ಡಡ್ಡ ಸಣ್ಣಗೆ ಹೆಚ್ಚಿ. ಎಷ್ಟು ಸಣ್ಣ ಅಂದ್ರೆ ಒಂದು ಹುರಿಗಡಲೆ ಪಕ್ಕ ಇಟ್ರೆ ಎರಡೂ ಒಂದೇ ಗಾತ್ರ ಇರ್ಬೇಕು. ಇದೇನು ಶೋಕಿಗಲ್ಲ, ಗಾತ್ರ ಹೆಚ್ಚು ಕಮ್ಮಿ ಆದ್ರೆ ಸಣ್ಣದೆಲ್ಲ ತಳಕ್ಕೆ ಇಳಿದು ಒಂದು ಪೊಟ್ಟಣದಲ್ಲಿ ಬರೀ ಬೆಲ್ಲ, ಇನ್ನೊಂದ್ರಲ್ಲಿ ಬರೀ ಕೊಬ್ಬರಿ ಬರುತ್ತೆ. ಅರ್ಧ ಕೆಜಿ ಹೆಚ್ಚೋಷ್ಟರಲ್ಲಿ ತೋರುಬೆರಳಲ್ಲಿ ಬೊಬ್ಬೆ ಗ್ಯಾರಂಟಿ, ಟಿವಿ ಮುಂದೆ ನಾಲ್ಕು ಜನ ಕೂತು ಹೆಚ್ಚೋ ಕೆಲಸ ಇದು, ಒಬ್ರೇ ಕೂತ್ರೆ ಬೇಜಾರಾಗುತ್ತೆ.

ಹೆಚ್ಚಿದ್ದನ್ನ ಮೊರದಲ್ಲಿ ಹರಡಿ ಮೇಲೊಂದು ತೆಳು ಬಟ್ಟೆ ಮುಚ್ಚಿ ಎರಡು ಮೂರು ದಿನ ಬಿಸಿಲಿಗಿಡಿ, ಸಂಜೆ ಮಂಜು ಬೀಳೋ ಮುಂಚೆ ಒಳಗೆ ತರೋದು ಮರೀಬೇಡಿ. ಮುಷ್ಟಿಯಲ್ಲಿ ಹಿಡಿದು ಕುಲುಕಿದ್ರೆ ಕಲಕಲ ಸದ್ದು ಬಂತು ಅಂದ್ರೆ ಆಯ್ತು. ಜನವರೀಲಿ ಬಿಸಿಲೇ ಕಾಣದ ಊರಲ್ಲಿ, ಫಾರಿನ್ನಲ್ಲಿ ಇರೋರು ಓವನ್ನನ್ನ ಎಷ್ಟು ಕಮ್ಮಿ ಆಗುತ್ತೋ ಅಷ್ಟು ಕಮ್ಮಿ ಬಿಸಿಗೆ ಇಟ್ಟು ಬಾಗಿಲು ಸ್ವಲ್ಪ ತೆರೆದಿಟ್ಟು ಒಣಗಿಸಿ, ಪಕ್ಕದಲ್ಲೇ ಇರಿ, ಕೆಂಪಗಾದ್ರೆ ಕೆಟ್ಟಂಗೆ.

ಬೆಲ್ಲ ಆರಿಸೋದ್ರಲ್ಲೇ ಅರ್ಧ ಕೆಲಸ ಇದೆ. ಮೆತ್ತಗಿರೋ ಬೆಲ್ಲ ಪಾಯಸಕ್ಕೆ ಚೆಂದ, ಇದಕ್ಕೆ ಬೇಡ. ಉಗುರಲ್ಲಿ ಒತ್ತಿದ್ರೆ ಗುರುತು ಬೀಳದಷ್ಟು ಗಟ್ಟಿಯಾಗಿರೋ ಅಚ್ಚು ಬೆಲ್ಲ ಬೇಕು, ಮಂಡ್ಯ ಕಡೇದು ಸಿಕ್ರೆ ನಾನು ಬೇರೇದು ನೋಡೋದೇ ಇಲ್ಲ. ತೀರಾ ಬೆಳ್ಳಗೆ ಹಳದಿಯಾಗಿ ಹೊಳೀತಿದ್ರೆ ಬಣ್ಣಕ್ಕೆ ಕೆಮಿಕಲ್ ಹಾಕಿರೋ ಸಾಧ್ಯತೆ ಜಾಸ್ತಿ, ಸ್ವಲ್ಪ ಕಂದಗಿರೋದೇ ಇರ್ಲಿ. ಕತ್ತರಿಸೋಕೆ ಅಡಕತ್ತರಿಗಿಂತ ಒಳ್ಳೇ ಸಾಮಾನು ಇಲ್ಲ, ಚಾಕುಗೆ ಪುಡಿಪುಡಿ ಆಗುತ್ತೆ. ಉದುರಿದ ಪುಡೀನ ಜರಡಿ ಹಿಡಿದು ಹಬ್ಬದ ಸಿಹಿ ಪೊಂಗಲ್‌ಗೆ ಎತ್ತಿಡಿ. ಬೆಲ್ಲಾನ ಮಧ್ಯಾಹ್ನದ ಬಿಸಿಲಿಗೆ ಇಡ್ಬೇಡಿ, ಕರಗುತ್ತೆ, ಪೇಪರ್ ಮೇಲೆ ಹರಡಿ ಫ್ಯಾನ್ ಕೆಳಗೆ ಎರಡು ದಿನ ಬಿಟ್ರೆ ಸಾಕು. ಇರುವೆಗೆ ಸುತ್ತ ಅರಿಶಿನದ ಗೆರೆ ಎಳೀರಿ, ನಮ್ಮನೆ ಇರುವೆಗಳು ಅದಕ್ಕೂ ಕ್ಯಾರೆ ಅನ್ನಲ್ಲ, ಅದು ಬೇರೆ ವಿಷ್ಯ.

ಕಡ್ಲೆಬೀಜ ಸಣ್ಣ ಉರೀಲಿ ಹುರಿದು, ಆರಿದ್ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಎರಡು ಬೇಳೆ ಮಾಡಿ. ಹುರಿಗಡಲೆ ಸುಮ್ನೆ ಬೆಚ್ಚಗೆ ಮಾಡಿದ್ರೆ ಗರಿಗರಿ ಆಗುತ್ತೆ. ಎಳ್ಳು ಚಟಪಟ ಅಂದ ತಕ್ಷಣ ಇಳಿಸಿ, ಬಾಣಲೇಲೇ ಬಿಟ್ರೆ ಆ ಕಾವಿಗೇ ಕಹಿ ಬರುತ್ತೆ.

ಈಗ ಸಕ್ಕರೆ ಅಚ್ಚು. ಕೊಂಡ್ಕೊಂಡ್ರೆ ಏನೂ ಅವಮಾನ ಇಲ್ಲ, ಗಾಂಧಿಬಜಾರಲ್ಲೂ ಮಲ್ಲೇಶ್ವರ 8ನೇ ಕ್ರಾಸಲ್ಲೂ ರಾಶಿ ಹಾಕಿರ್ತಾರೆ. ಆದ್ರೂ ಒಂದು ಸಲ ಮಾಡಿ ನೋಡಿ, ಮಕ್ಕಳು ಆ ದಿನ ಮೊಬೈಲ್ ಮುಟ್ಟಲ್ಲ. ತಮಾಷೆ ಏನಂದ್ರೆ ಬೇರೆ ಎಲ್ಲದಕ್ಕೂ ನೀರು ಶತ್ರು, ಇಲ್ಲಿ ಮಾತ್ರ ಮರದ ಅಚ್ಚುಗಳನ್ನ ಹಿಂದಿನ ರಾತ್ರಿಯಿಂದ ನೀರಲ್ಲಿ ಮುಳುಗಿಸಿ ಇಡ್ಬೇಕು. ಒಣ ಮರ ಪಾಕಾನ ಹಿಡ್ಕೊಂಡ್ಬಿಡುತ್ತೆ, ಬಿಡಿಸೋಕೆ ಹೋದ್ರೆ ಆನೆ ಸೊಂಡಿಲು ಅಚ್ಚಲ್ಲೇ ಉಳಿಯುತ್ತೆ. ನೆನೆದ ಅಚ್ಚುಗಳನ್ನ ಒರೆಸಿ, ಜೋಡಿ ತಪ್ಪದಂಗೆ ಸೇರಿಸಿ, ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ.

ಒಂದು ಕೆಜಿ ಸಕ್ಕರೆಗೆ ಮುಳುಗೋಷ್ಟು ನೀರು. ಕುದಿ ಬಂದಾಗ ಅರ್ಧ ಲೋಟ ಹಾಲಿಗೆ ಒಂದು ಚಮಚ ಮೊಸರು ಬೆರೆಸಿ ಹಾಕಿ, ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತೆ, ಅದನ್ನ ತೆಗೆದು ಒದ್ದೆ ಬಿಳಿ ಬಟ್ಟೇಲಿ ಸೋಸಿ. ಕೆಲವರು ನಿಂಬೆಹಣ್ಣು ಹಿಂಡ್ತಾರೆ, ನಾನು ಹಾಕಲ್ಲ, ಹುಳಿ ಜಾಸ್ತಿ ಆದ್ರೆ ಸಕ್ಕರೆ ಹರಳುಗಟ್ಟಲ್ಲ, ಅಚ್ಚು ನಿಲ್ಲೋದೇ ಇಲ್ಲ. ಈ ತಿಳಿ ಪಾಕದಲ್ಲಿ ಒಂದು ಸಲಕ್ಕೆ ಎರಡು ಸೌಟು ಮಾತ್ರ ಸಣ್ಣ ದಪ್ಪತಳದ ಪಾತ್ರೆಗೆ ಹಾಕ್ಕೊಂಡು ಮತ್ತೆ ಕುದಿಸಿ. ಎರಡೆಳೆ ಬಂದಾಗ ಇಳಿಸಿ, ಮರದ ಸೌಟಿನ ಬೆನ್ನಲ್ಲಿ ಪಾತ್ರೆ ಪಕ್ಕಕ್ಕೆ ಉಜ್ತಾ ಇರಿ. ನೀರಿನ ಥರ ತಿಳಿಯಾಗಿದ್ದಿದ್ದು ಒಂದೇ ಸಲಕ್ಕೆ ಹಾಲಿನಂಗೆ ಬೆಳ್ಳಗಾಗುತ್ತೆ, ಅದೇ ಟೈಮು, ಫೋನ್ ಬಂದ್ರೂ ಎತ್ಬೇಡಿ, ತಕ್ಷಣ ಅಚ್ಚಿಗೆ ಸುರೀರಿ. ಬೇಗ ಸುರಿದ್ರೆ ಸೋರಿ ಹೋಗುತ್ತೆ, ತಡ ಮಾಡಿದ್ರೆ ಪಾತ್ರೇಲೇ ಕಲ್ಲಾಗುತ್ತೆ. ಕಲ್ಲಾದ್ರೆ ಸ್ವಲ್ಪ ನೀರು ಹಾಕಿ ಮತ್ತೆ ಕರಗಿಸಿ, ಏನೂ ಹಾಳಾಗಲ್ಲ. ಹತ್ತು ನಿಮಿಷ ಬಿಟ್ಟು ರಬ್ಬರ್ ಬ್ಯಾಂಡ್ ತೆಗೆದು ಮೆತ್ತಗೆ ಬಿಡಿಸಿ, ಬೃಂದಾವನ, ಗಿಣಿ, ಮೀನು ಒಂದೊಂದೇ ಹೊರಗೆ ಬರುತ್ತೆ.

ಉತ್ತರ ಕರ್ನಾಟಕದ ಕಡೆ ಇದರ ಜಾಗದಲ್ಲಿ ಕುಸುರೆಳ್ಳು. ಎಳ್ಳನ್ನ ಸಣ್ಣ ಉರೀಲಿ ಇಟ್ಟು ಚಮಚ ಚಮಚವಾಗಿ ಪಾಕ ಹಾಕ್ತಾ ಕೈಯಲ್ಲೇ ಆಡಿಸ್ತಾ ಮುಳ್ಳುಮುಳ್ಳು ಬರಿಸ್ತಾರಲ್ಲ, ಅದು ನನ್ನ ತಾಳ್ಮೆಗೆ ಮೀರಿದ್ದು, ಎರಡು ಸಲ ಟ್ರೈ ಮಾಡಿ ಕೈ ಮುಗಿದೆ.

ಬೆರೆಸೋದು ಹಬ್ಬದ ಹಿಂದಿನ ದಿನ, ಎಲ್ಲಾ ಪೂರ್ತಿ ತಣ್ಣಗಾದ್ಮೇಲೆ. ಅಗಲ ಪಾತ್ರೇಲಿ ಮೊದಲು ಒಣ ಸಾಮಾನು, ಬೆಲ್ಲ ಕೊನೇಗೆ, ಕೈ ಒದ್ದೆ ಇರ್ಬಾರ್ದು. ಬಣ್ಣಬಣ್ಣದ ಜೀರಿಗೆ ಪೆಪ್ಪರ್‌ಮೆಂಟ್ ಹಾಕೋರು ಬೆರೆಸೋವಾಗ ಅಲ್ಲ, ಪೊಟ್ಟಣ ಕಟ್ಟೋವಾಗ ಹಾಕಿ, ಇಲ್ಲಾಂದ್ರೆ ಬಣ್ಣ ಬಿಟ್ಟು ಕೊಬ್ಬರಿ ಎಲ್ಲ ಗುಲಾಬಿ ಆಗುತ್ತೆ.

ಬೀರೋ ತಟ್ಟೇಲಿ ಎಳ್ಳು-ಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲೆ ಅಡಿಕೆ, ಕುಂಕುಮ ಇರ್ಲಿ. ಹೊಸದಾಗಿ ಮದುವೆ ಆದೋರು ನಮ್ಮ ಕಡೆ ಐದು ವರ್ಷ ಮುತ್ತೈದೆಯರಿಗೆ ಬಾಳೆಹಣ್ಣು ಕೊಡೋ ಪದ್ಧತಿ ಇದೆ, ಮೊದಲ ವರ್ಷ 5, ಆಮೇಲೆ ವರ್ಷಕ್ಕೆ ಐದೈದು ಜಾಸ್ತಿ, ಹಂಗಾಗಿ ಕೊನೇ ವರ್ಷಕ್ಕೆ ಬಾಳೆಹಣ್ಣು ಹೊರೋಕೇ ಒಬ್ರು ಬೇಕು. ಮನೇಲಿ ಸಣ್ಣ ಪಾಪು ಇದ್ರೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ಸಂಜೆ ತಲೆ ಮೇಲೆ ಎರೀತಾರೆ. ಹಣ್ಣು ಮೆತ್ತಗಿರೋದು ಆರಿಸಿ, ಕಾಯಿ ಬಿದ್ರೆ ಮಗು ಚೀರುತ್ತೆ. ತಟ್ಟೆ ತಂದೋರನ್ನ ಖಾಲಿ ಕಳಿಸ್ಬೇಡಿ, ನಿಮ್ಮನೇದು ಒಂದು ಪೊಟ್ಟಣ ಹಾಕಿ ಕಳಿಸಿ, ಹತ್ತು ಪೊಟ್ಟಣ ಜಾಸ್ತಿ ಕಟ್ಟಿಟ್ಟಿರೋದು ವಾಸಿ. "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ" ಅನ್ನೋದು ಮರೀಬೇಡಿ, ಪಕ್ಕದ ಮನೆಯವರ ಜೊತೆ ಪಾರ್ಕಿಂಗ್ ಜಗಳ ಇದ್ರೂ ಅವತ್ತು ಹೇಳಲೇಬೇಕು.

ಉಳಿದಿದ್ದನ್ನ ಒಂದು ತಿಂಗಳೊಳಗೆ ಮುಗಿಸಿ, ಆಮೇಲೆ ಕೊಬ್ಬರಿ ಕಮಟುತ್ತೆ. ಮಿಕ್ಸೀಲಿ ಎರಡು ಸುತ್ತು ತಿರುಗಿಸಿ ಉಂಡೆ ಕಟ್ಟಿದ್ರೆ ಮಕ್ಕಳ ಡಬ್ಬಿಗೆ ಆಗುತ್ತೆ. ಸಕ್ಕರೆ ಅಚ್ಚು ಫೆಬ್ರವರಿ ಪೂರ್ತಿ ಕಾಫಿಗೆ ಹಾಕ್ಕೊಳ್ಳಿ. ಮರದ ಅಚ್ಚುಗಳನ್ನ ಬಿಸಿನೀರಲ್ಲಿ ಬ್ರಷ್ ಹಾಕಿ ತೊಳೆದು ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಇಟ್ರೆ ಸೀಳು ಬಿಡುತ್ತೆ. ನಮ್ಮನೆ ಗಿಣಿ ಅಚ್ಚಿಗೆ ಹಂಗೇ ಬಾಲ ಹೋಗಿ ಮೂರು ವರ್ಷ ಆಯ್ತು, ಬೀದಿಗೆಲ್ಲ ಮೋಟು ಗಿಣೀನೇ ಹಂಚ್ತಿದೀವಿ.