ಮ್ಯೂವಾನ್ ಜಾಡು ಕಾಣಿಸುವ ಕ್ಲೌಡ್ ಚೇಂಬರ್: ನಾನು ಕಟ್ಟುವ ಬಗೆ

ಕಣ್ಣಿಗೆ ಕಾಣದ ಕಣಗಳ ಜಾಡನ್ನು ಆವಿಯಲ್ಲಿ ತೋರಿಸುವ ಪೆಟ್ಟಿಗೆ ಕ್ಲೌಡ್ ಚೇಂಬರ್. ಮ್ಯೂವಾನ್ ಎಂದರೆ ಕಾಸ್ಮಿಕ್ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟಿ ಕೆಳಗಿಳಿಯುವ, ಎಲೆಕ್ಟ್ರಾನಿನಂಥ ಆದರೆ ಅದಕ್ಕಿಂತ ಭಾರವಾದ ಕಣ. ಈ ಪೆಟ್ಟಿಗೆಯಲ್ಲಿ ನಿಜವಾಗಿ ಕೆಲಸ ಮಾಡುವುದು ತಳದ ಮೇಲಿನ ಸುಮಾರು ಒಂದು ಸೆಂಟಿಮೀಟರ್ ಪದರ ಮಾತ್ರ. ಮೇಲಿಂದ ಇಳಿದ ಆಲ್ಕೋಹಾಲ್ ಆವಿ ಅಲ್ಲಿ ಅತಿಯಾಗಿ ತಣಿದು, ಹನಿಗಟ್ಟಲು ಒಂದು ನೆಪಕ್ಕಾಗಿ ಕಾದಿರುತ್ತದೆ. ವಿದ್ಯುದಾವೇಶವಿರುವ ಕಣ ಹಾದುಹೋದರೆ, ಅದು ಬಿಟ್ಟ ಅಯಾನುಗಳ (ಆವೇಶ ಪಡೆದ ಅಣುಗಳ) ಮೇಲೆ ಹನಿ ಕೂತು ಬಿಳಿ ಗೆರೆ ಮೂಡುತ್ತದೆ. 1911ರಲ್ಲಿ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ ಜಾಡುಗಳನ್ನು ಹಿಡಿದದ್ದು ಪಿಸ್ಟನ್‌ನಿಂದ ಗಾಳಿಯನ್ನು ಥಟ್ಟನೆ ಹಿಗ್ಗಿಸಿ, ತಣಿಸಿ. ಡ್ರೈ ಐಸ್ (ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್) ಇದ್ದರೆ ಆ ಪಿಸ್ಟನ್ ರಗಳೆ ಬೇಕಿಲ್ಲ.

ನಾನು ಬಳಸುವುದು 30×20×20 ಸೆಂ.ಮೀ. ಗಾಜಿನ ಮೀನಿನ ತೊಟ್ಟಿ, ಬೋರಲು ಹಾಕಿ. ಅಕ್ರಿಲಿಕ್ ಬೇಡ, ಆಲ್ಕೋಹಾಲ್‌ಗೆ ಬಿರುಕು ಬಿಡುತ್ತದೆ. ಒಳಗೆ ಮೇಲ್ಭಾಗದಲ್ಲಿ ದಪ್ಪ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯಂಥ ಬಟ್ಟೆ) ಪಟ್ಟಿ, ಗಾಜಿನ ಆಚೆ ಈಚೆ ಅಯಸ್ಕಾಂತ ಇಟ್ಟು ನಿಲ್ಲಿಸಿದ್ದು. ಗ್ಲೂ ಗನ್ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಬಿಡಿಸಿಬಿಡುತ್ತದೆ. ತಳಕ್ಕೆ 3 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್, ಮೇಲ್ಮೈಗೆ ಕಪ್ಪು ಇನ್ಸುಲೇಶನ್ ಟೇಪ್. ಫೆಲ್ಟ್‌ಗೆ 30–40 ಮಿ.ಲೀ. ಆಲ್ಕೋಹಾಲ್, ಶೇ. 99 ಶುದ್ಧದ್ದೇ ಆಗಬೇಕು. ಶೇ. 70ರ ಸ್ಯಾನಿಟೈಸರ್ ಹಾಕಿದರೆ ನೀರಿನಂಶ ಪ್ಲೇಟ್ ಮೇಲೆ ಹಿಮವಾಗಿ ಕೂರುತ್ತದೆ, ಜಾಡು ಕಾಣುವುದಿಲ್ಲ.

ಥರ್ಮೋಕೋಲ್ ಟ್ರೇಯಲ್ಲಿ 2–3 ಕೆಜಿ ಡ್ರೈ ಐಸ್, ಗೋಣಿಚೀಲದಲ್ಲಿ ಕುಟ್ಟಿ ಪುಡಿ ಮಾಡಿ ಸಮ ಹರಡಿ. ಅದರ ಮೇಲೆ ಪ್ಲೇಟ್ ಒತ್ತಿ ಕೂರಿಸಿ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ವಾಲಿದ್ದರೆ ಆ ತೆಳು ಪದರ ಒಂದು ಬದಿಗೆ ಹರಿಯುತ್ತದೆ. ತೊಟ್ಟಿಯನ್ನು ಪ್ಲೇಟ್ ಮೇಲೆ ಬೋರಲು ಕೂರಿಸಿ ಅಂಚಿಗೆ ಜೇಡಿಮಣ್ಣು ಮೆತ್ತಿ. ಗಾಳಿ ನುಸುಳಿದರೆ ಎಲ್ಲ ಕೆಟ್ಟಂತೆಯೇ. ದಪ್ಪ ಕೈಗವಸು, ತೆರೆದ ಕಿಟಕಿ ಕಡ್ಡಾಯ: ಒಂದು ಕೆಜಿ ಡ್ರೈ ಐಸ್ ಸುಮಾರು 500 ಲೀಟರ್ ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ. ಆಲ್ಕೋಹಾಲ್ ಇರುವುದರಿಂದ ಬೆಂಕಿ ಹತ್ತಿರ ಸುಳಿಯಕೂಡದು.

ಮೊದಲು ಕಾಣುವುದು ಬರೀ ತುಂತುರು. 10–15 ನಿಮಿಷದಲ್ಲಿ ಧೂಳು ಕೆಳಗಿಳಿದು ಪದರ ನಿಲ್ಲುತ್ತದೆ. ಕೋಣೆಯ ದೀಪ ಆರಿಸಿ, ಎಲ್‌ಇಡಿ ಟಾರ್ಚನ್ನು ಪ್ಲೇಟ್‌ಗೆ ಸಮಾಂತರವಾಗಿ ಬದಿಯಿಂದ ಹಾಯಿಸಿ, ಓರೆಯಾಗಿ ಮೇಲಿಂದ ನೋಡಿ. ತೆಳ್ಳಗೆ ನೆಟ್ಟಗಿನ ಉದ್ದ ಗೆರೆ ಹೆಚ್ಚಾಗಿ ಮ್ಯೂವಾನ್. ಸೊಟ್ಟಸೊಟ್ಟಾಗಿ ಅಲೆಯುವುದು ಎಲೆಕ್ಟ್ರಾನ್. ಗಿಡ್ಡ, ದಪ್ಪ ಗೆರೆ ಆಲ್ಫಾ ಕಣ (ಹೀಲಿಯಂ ನ್ಯೂಕ್ಲಿಯಸ್), ಗಾಳಿಯಲ್ಲಿರುವ ವಿಕಿರಣಶೀಲ ಅನಿಲ ರೇಡಾನ್ ಬಳಗದ್ದು.

ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರ್‌ಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂವಾನ್. ಈ ಪ್ಲೇಟ್‌ಗೆ ಸೆಕೆಂಡಿಗೆ ಹತ್ತು ಬರಬೇಕು, ಆದರೆ ಅಷ್ಟು ಕಾಣುವುದಿಲ್ಲ. ಹೆಚ್ಚಿನವು ನೆತ್ತಿಯ ಮೇಲಿಂದಲೇ ಬರುವುದರಿಂದ ಒಂದು ಸೆಂ.ಮೀ. ಪದರದಲ್ಲಿ ಚುಕ್ಕೆಯಾಗಿ ಮುಗಿಯುತ್ತವೆ. ಉದ್ದ ಗೆರೆ ಬಿಡುವುದು ಓರೆ ಬಂದವು ಮಾತ್ರ. ಹಾಗಾಗಿ ಇದರಲ್ಲಿ ಎಣಿಸಿದ ಸಂಖ್ಯೆಯನ್ನು ಅಳತೆ ಎಂದು ನಾನು ಒಪ್ಪುವುದಿಲ್ಲ. ಬಂಡೆಯನ್ನೂ ತೂರುವ ಈ ಮ್ಯೂವಾನ್‌ಗಳ ಕಾಟ ತಗ್ಗಿಸಲೆಂದೇ ಕೋಲಾರದ ಚಿನ್ನದ ಗಣಿಯಲ್ಲಿ 2 ಕಿ.ಮೀ.ಗೂ ಹೆಚ್ಚು ಆಳಕ್ಕೆ ಉಪಕರಣ ಇಳಿಸಿ, 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ (ಆವೇಶವಿಲ್ಲದ, ಬಲು ಅಪರೂಪಕ್ಕಷ್ಟೇ ಸಿಕ್ಕಿಬೀಳುವ ಕಣಗಳ) ಸುಳಿವು ಹಿಡಿದರು.

ಗೆರೆಗಳು ಮಸುಕಾದರೆ ಉಣ್ಣೆಗೆ ಉಜ್ಜಿದ ಪಿವಿಸಿ ಪೈಪನ್ನು ಮೇಲೆ ಹಿಡಿಯಿರಿ, ಹಳೆಯ ಅಯಾನುಗಳು ಸರಿದು ಪದರ ತಿಳಿಯಾಗುತ್ತದೆ. ತಾಪದ ಅಂತರ ಸಾಲದಿದ್ದರೆ ಮೇಲೆ ಬಿಸಿನೀರಿನ ಚೀಲ ಇಡಿ. ಪೂರಾ ನಿಂತೇಹೋದರೆ ಪ್ಲೇಟ್ ಒತ್ತಿ ನೋಡಿ: ಡ್ರೈ ಐಸ್ ಆವಿಯಾಗಿ ಅಡಿಯಲ್ಲಿ ಪೊಳ್ಳಾಗಿರುತ್ತದೆ. ಅದು ಸರಿಯಿದ್ದರೆ ಫೆಲ್ಟ್ ಒಣಗಿದೆ, ಇನ್ನೊಮ್ಮೆ ಆಲ್ಕೋಹಾಲ್ ಉಣಿಸಿ.