ಬೆನ್ನು ಒಪ್ಪುವ ಹಾಸಿಗೆ ಆರಿಸುವುದು ಹೇಗೆ?

ಸೊಂಟ ನೋವು ಎಂದು ಬಾಯಿ ಬಿಟ್ಟರೆ ಸಾಕು, ‘ಮೆತ್ತನೆಯ ಹಾಸಿಗೆ ಬಿಡಿ, ನೆಲದ ಮೇಲೆ ಚಾಪೆ ಹಾಸಿ ಮಲಗಿ’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಬಹಳ ಕಾಲ ವೈದ್ಯರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದರು. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಸ್ಪೇನ್ ದೇಶದ ಅಧ್ಯಯನವೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ದೀರ್ಘಕಾಲದ ಸೊಂಟ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ಗಮನಿಸಿದರು. ಮಲಗಿದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕೆ ಆಗುವ ಅಡ್ಡಿ, ಮೂರರಲ್ಲೂ ಹೆಚ್ಚು ಚೇತರಿಸಿಕೊಂಡವರು ಮಧ್ಯಮ ಗಟ್ಟಿಯ ಹಾಸಿಗೆಯವರೇ.

ಹಾಗೆಂದು ಚಾಪೆಯ ಮೇಲೆ ಸುಖವಾಗಿ ನಿದ್ದೆ ಹೋಗುವವರು ಅಂಗಡಿಗೆ ಓಡಬೇಕಿಲ್ಲ. ಇದು ಬೆಳಿಗ್ಗೆ ಮಂಚದ ಅಂಚಿಗೆ ಕೈ ಊರಿ, ಒಂದು ಕ್ಷಣ ಕೂತು, ಆಮೇಲೆ ಏಳುವವರಿಗಾಗಿ ಬರೆದದ್ದು.

ಮೊದಲು, ತಪ್ಪು ಹಾಸಿಗೆಯದೇ ಎಂದು ನೋಡಿಕೊಳ್ಳಿ

ನೋವು ಏಳುವಾಗ ಹೆಚ್ಚಿದ್ದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಇಳಿಯುತ್ತದೆಯೇ? ನೆಂಟರ ಮನೆಯಲ್ಲಿ ಮಲಗಿದ ದಿನ ಇರುವುದಿಲ್ಲವೇ? ಹಾಗಿದ್ದರೆ ಹಾಸಿಗೆಯ ಮೇಲೆ ಅನುಮಾನ ಪಡಬಹುದು. ಹೊದಿಕೆ ತೆಗೆದು, ನೆಲ ಒರೆಸುವ ಕೋಲನ್ನು ಹಾಸಿಗೆಯ ಮೇಲೆ ಅಡ್ಡಲಾಗಿ ಇಡಿ. ಸೊಂಟ ಬರುವ ಜಾಗದಲ್ಲಿ ಕೋಲಿಗೂ ಹಾಸಿಗೆಗೂ ನಡುವೆ ಒಂದು ಇಂಚಿಗಿಂತ ಹೆಚ್ಚು ಸಂದು ಕಂಡರೆ ಅದರ ಕಾಲ ಮುಗಿಯಿತು.

ದುಡ್ಡು ಖರ್ಚು ಮಾಡುವ ಮೊದಲು ಮಂಚವನ್ನೂ ವಿಚಾರಿಸಿಕೊಳ್ಳಿ. ಹಾಸಿಗೆ ಎತ್ತಿ ನೋಡಿದರೆ ಕೆಳಗಿನ ಪ್ಲೈವುಡ್ ನಡುವೆ ಬಾಗಿರುವುದು, ಅಡ್ಡಪಟ್ಟಿಯ ಮೊಳೆ ಕಿತ್ತಿರುವುದು ಎಷ್ಟೋ ಮನೆಗಳಲ್ಲಿ ಕಾಣಸಿಗುತ್ತದೆ. ಅದೇ ಹಾಸಿಗೆಯನ್ನು ಕೆಲವು ರಾತ್ರಿ ನೆಲದ ಮೇಲೆ ಹಾಕಿ ಮಲಗಿ. ನೋವು ಕಡಿಮೆಯಾದರೆ ನಿಮಗೆ ಬೇಕಾಗಿರುವುದು ಬಡಗಿ, ಹಾಸಿಗೆ ಅಂಗಡಿಯಲ್ಲ.

ನೋವು ಕಾಲಿಗೆ ಇಳಿದು ಜೋಮು ಹಿಡಿಯುವುದು, ಕಾಲಿನ ಬಲ ಕುಂದುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ವೈದ್ಯರನ್ನು ಕಾಣಿ. ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಹೋಗಬೇಕು. ಇನ್ನೊಂದು ಲಕ್ಷಣ ಬಹಳ ಜನರಿಗೆ ಗೊತ್ತಿಲ್ಲ: ವಯಸ್ಸು ನಲವತ್ತೈದರೊಳಗೆ ಇದ್ದು, ಬೆಳಿಗ್ಗೆಯ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇದ್ದು, ತಿಂಗಳುಗಟ್ಟಲೆ ಹೀಗೇ ನಡೆದಿದ್ದರೆ ಅದು ಬೆನ್ನೆಲುಬಿನ ಉರಿಯೂತದ ಕಾಯಿಲೆ ಇರಬಹುದು. ಅದಕ್ಕೆ ಯಾವ ದುಬಾರಿ ಹಾಸಿಗೆಯೂ ಮದ್ದಲ್ಲ.

ನೀವು ಮಲಗುವ ಭಂಗಿ ಯಾವುದು?

ಮಗ್ಗುಲಾಗಿ ಮಲಗುವವರ ಭುಜ ಮತ್ತು ಸೊಂಟ ಹಾಸಿಗೆಯೊಳಗೆ ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ ಅವೆರಡರ ಮೇಲೆ ಭಾರ ಬಿದ್ದು, ನಡುವಿನ ಬೆನ್ನು ಜೋತು ಬೀಳುತ್ತದೆ. ಇವರಿಗೆ ಮಧ್ಯಮಕ್ಕಿಂತ ತುಸು ಮೆತ್ತಗಿನದು ಸರಿ. ಅಂಗಾತ ಮಲಗುವವರಿಗೆ ಮಧ್ಯಮ ಗಟ್ಟಿ. ಬೋರಲು ಮಲಗುವವರಿಗೆ ಗಟ್ಟಿಯದೇ ಬೇಕು, ಇಲ್ಲವಾದರೆ ಹೊಟ್ಟೆ ಕುಸಿದು ಸೊಂಟ ಬಾಗುತ್ತದೆ. ಬೋರಲು ಮಲಗುವ ಅಭ್ಯಾಸ ಬಿಟ್ಟರೆ ಕುತ್ತಿಗೆಗೂ ಒಳ್ಳೆಯದು, ಆದರೆ ನಿದ್ದೆಯಲ್ಲಿರುವವರಿಗೆ ಬುದ್ಧಿ ಹೇಳುವುದು ಹೇಗೆ?

ದೇಹದ ತೂಕವೂ ಲೆಕ್ಕಕ್ಕೆ ಬರುತ್ತದೆ. 50 ಕಿಲೊ ತೂಗುವವರಿಗೆ ಗಟ್ಟಿ ಎನಿಸಿದ ಹಾಸಿಗೆ 90 ಕಿಲೊದವರಿಗೆ ಮೆತ್ತಗೆ. ಗಂಡ ಹೆಂಡತಿಯ ತೂಕದಲ್ಲಿ ತುಂಬಾ ಅಂತರವಿದ್ದರೆ, ಒಂದೇ ಮಂಚದ ಮೇಲೆ ಬೇರೆ ಬೇರೆ ಗಡಸಿನ ಎರಡು ಹಾಸಿಗೆಗಳನ್ನು ಜೋಡಿಸಿ ಹಾಕುವುದು ಜಾಣತನ. ನಡುವೆ ಗೆರೆ ಬೀಳುತ್ತದೆ ಎಂಬುದೊಂದೇ ತಕರಾರು.

ಒಳಗೇನು ತುಂಬಿದ್ದಾರೆ?

ಹತ್ತಿ ಹಾಸಿಗೆಯನ್ನು ಹಳತು ಎಂದು ತಳ್ಳಿಹಾಕಬೇಡಿ. ಉತ್ತರ ಕರ್ನಾಟಕದವರು ಗಾದಿ ಎನ್ನುವುದು ಇದನ್ನೇ. ಬೇಸಿಗೆಯಲ್ಲಿ ಮೈ ಸುಡುವುದಿಲ್ಲ, ಗಡಸೂ ಹದವಾಗಿರುತ್ತದೆ. ತೊಂದರೆ ಒಂದೇ: ಎರಡು ಮೂರು ವರ್ಷಕ್ಕೆ ಹತ್ತಿ ಗಂಟು ಕಟ್ಟಿಕೊಳ್ಳುತ್ತದೆ. ಆಗ ಬಿಚ್ಚಿ, ಹಿಂಜಿಸಿ, ಮತ್ತೆ ಹೊಲಿಸಬೇಕು. ಹಿಂಜುವವರು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಅಗ್ಗದ ಫೋಮ್‌ಗಿಂತ ಇದೇ ಮೇಲು. ಬೂರುಗದ ಹತ್ತಿ ಹಗುರ, ಹಿತ, ಆದರೆ ಬೇಗ ಕುಸಿಯುತ್ತದೆ. ಬೆನ್ನು ನೋವಿನವರಿಗೆ ಬೇಡ.

ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡಿದ ಕಾಯರ್ ಹಾಸಿಗೆಗಳು ಗಟ್ಟಿ, ಗಾಳಿಯಾಡುತ್ತವೆ. ಅಗ್ಗದವು ಒಂದೆರಡು ವರ್ಷದಲ್ಲೇ ನಡುವೆ ಹಳ್ಳ ಬಿದ್ದು ಮಂಚದ ಕೆಳಗೆ ಪುಡಿ ಉದುರಿಸುತ್ತವೆ. ಬರೀ ಕಾಯರ್‌ಗಿಂತ ಮೇಲೊಂದು ಪದರ ಫೋಮ್ ಇರುವುದನ್ನು ನೋಡಿ.

ಫೋಮ್ ವಿಷಯದಲ್ಲೇ ಗಿರಾಕಿ ಹೆಚ್ಚು ಮೋಸ ಹೋಗುವುದು. ‘ಇದು 40 ಡೆನ್ಸಿಟಿ ಸರ್’ ಎಂದು ಅಂಗಡಿಯವರು ಹೇಳುತ್ತಾರೆ. ಅಂದರೆ ಒಂದು ಘನ ಮೀಟರ್ ಫೋಮ್ 40 ಕಿಲೊ ತೂಗುತ್ತದೆ ಎಂದರ್ಥ. ಇದು ಬಾಳಿಕೆಯ ಅಳತೆ, ಗಡಸಿನದಲ್ಲ. 40 ಡೆನ್ಸಿಟಿಯದು ಮೆತ್ತಗೂ ಇರಬಹುದು, ಗಟ್ಟಿಯೂ ಇರಬಹುದು. ದಿನಾ ಮಲಗುವ ಹಾಸಿಗೆಗೆ 32ಕ್ಕಿಂತ ಕೆಳಗೆ ಇಳಿಯಬೇಡಿ. ಅವರು ಹೇಳಿದ್ದು ನಿಜವೇ ಎಂದು ತಿಳಿಯಲು ತಕ್ಕಡಿ ಸಾಕು. ಉದ್ದ, ಅಗಲ, ದಪ್ಪವನ್ನು ಇಂಚಿನಲ್ಲಿ ಗುಣಿಸಿ, 61,000ದಿಂದ ಭಾಗಿಸಿ, ಬಂದದ್ದನ್ನು ಡೆನ್ಸಿಟಿಯಿಂದ ಗುಣಿಸಿದರೆ ಕಿಲೊ ಲೆಕ್ಕ ಸಿಗುತ್ತದೆ. 72 ಉದ್ದ, 60 ಅಗಲ, 6 ಇಂಚು ದಪ್ಪದ ಹಾಸಿಗೆ ನಿಜವಾಗಿ 40 ಡೆನ್ಸಿಟಿಯದಾಗಿದ್ದರೆ ಸುಮಾರು 17 ಕಿಲೊ ತೂಗಬೇಕು. 32 ಆಗಿದ್ದರೆ ಹದಿಮೂರೂವರೆ. ಹೊರಬಟ್ಟೆಯ ತೂಕ ಬೇರೆ ಸೇರುತ್ತದೆ. ಇಷ್ಟಾದರೂ ತಕ್ಕಡಿ 11 ತೋರಿಸಿದರೆ ನಮಸ್ಕಾರ ಹೇಳಿ ಹೊರಡಿ. ಫೋಮ್ ಚೂರುಗಳನ್ನು ಅಂಟಿಸಿ ಮಾಡುವ ರೀಬಾಂಡೆಡ್ ಹಾಸಿಗೆಗೆ ಮಾತ್ರ ಈ ಲೆಕ್ಕ ಒಪ್ಪುವುದಿಲ್ಲ. ಅದು ತುಂಬಾ ಭಾರ, ತುಂಬಾ ಗಟ್ಟಿ. ಕೆಳಪದರಕ್ಕೆ ಸರಿ, ಅದೊಂದರ ಮೇಲೇ ಮಲಗುವುದು ಮಗ್ಗುಲಾಗಿ ಮಲಗುವವರ ಭುಜಕ್ಕೆ ಶಿಕ್ಷೆ.

ಮೆಮೊರಿ ಫೋಮ್ ಮಾರುವವರು ನಾಸಾ ಹೆಸರು ಹೇಳದೆ ಬಿಡುವುದಿಲ್ಲ. ಮಾತು ಸುಳ್ಳಲ್ಲ, 1966ರಲ್ಲಿ ಅಲ್ಲಿಗಾಗಿಯೇ ಅದನ್ನು ರೂಪಿಸಿದ್ದು. ಆದರೆ ಉದ್ದೇಶವಿದ್ದುದು ವಿಮಾನದ ಆಸನ, ಕಲಬುರಗಿಯ ಮೇ ತಿಂಗಳ ರಾತ್ರಿಯಲ್ಲ. ಈ ಫೋಮ್ ಮೈಶಾಖಕ್ಕೆ ಮೆತ್ತಗಾಗಿ ದೇಹವನ್ನು ಅಪ್ಪಿಕೊಳ್ಳುತ್ತದೆ, ಶಾಖವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಡಿಕೇರಿಯ ಚಳಿಗೆ ಬಿರುಸಾಗುತ್ತದೆ. ಕೀಲು ನೋವಿನವರಿಗೆ ಮೇಲೆ ಒಂದೆರಡು ಇಂಚಿನ ಪದರವಾಗಿ ಹಿತ. ಇಡೀ ಹಾಸಿಗೆ ಅದೇ ಆಗಬೇಕಿಲ್ಲ.

ರಬ್ಬರ್ ಹಾಲಿನಿಂದಲೇ ಮಾಡಿದ ಲ್ಯಾಟೆಕ್ಸ್ ನನ್ನ ಮಟ್ಟಿಗೆ ಇವುಗಳಲ್ಲಿ ಅತ್ಯುತ್ತಮ. ಒತ್ತಿದರೆ ತಕ್ಷಣ ಪುಟಿಯುತ್ತದೆ, ಸೂಜಿರಂಧ್ರಗಳಿಂದ ಗಾಳಿಯಾಡುತ್ತದೆ, ಬಹಳ ವರ್ಷ ಬಾಳುತ್ತದೆ. ಬೆಲೆ ಮಾತ್ರ ಜೇಬು ನೋಡಿಕೊಳ್ಳುವಂತೆ ಮಾಡುತ್ತದೆ, ಎತ್ತಿ ಮಗುಚಲು ಇಬ್ಬರು ಬೇಕು. ಸ್ಪ್ರಿಂಗ್ ಬೇಕೆಂದರೆ, ಪ್ರತಿ ಸ್ಪ್ರಿಂಗಿಗೂ ಪ್ರತ್ಯೇಕ ಬಟ್ಟೆಚೀಲವಿರುವ ಪಾಕೆಟ್ ಸ್ಪ್ರಿಂಗ್ ತೆಗೆದುಕೊಳ್ಳಿ. ಸ್ಪ್ರಿಂಗುಗಳನ್ನು ತಂತಿಯಿಂದ ಒಂದಕ್ಕೊಂದು ಬಿಗಿದ ಬಾನೆಲ್ ಹಾಸಿಗೆಯಲ್ಲಿ ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಎಚ್ಚರ.

ಇನ್ನು ‘ಆರ್ಥೋಪೆಡಿಕ್’ ಎಂಬ ಚೀಟಿ. ವೈದ್ಯರು ಪರೀಕ್ಷಿಸಿ ಕೊಡುವ ಪ್ರಮಾಣಪತ್ರ ಅದಲ್ಲ. ಹೆಚ್ಚಿನ ಕಡೆ ಅದರ ಅರ್ಥ ಗಟ್ಟಿ ಎಂದಷ್ಟೇ.

ಅಳತೆ

ಮಂಚದ ಒಳಗಿನ ಅಳತೆ ತೆಗೆಯಿರಿ, ಚೌಕಟ್ಟಿನ ಹೊರಗಿನದಲ್ಲ. ಬಡಗಿ ಮಾಡಿಕೊಟ್ಟ ಮಂಚಗಳು ಅಂಗಡಿಯ ಸಿದ್ಧ ಅಳತೆಗೆ ಕೂರುವುದು ಕಡಿಮೆ. ಐದು ಅಡಿ ಹತ್ತು ಇಂಚು ಎತ್ತರದವರಿಗೆ 72 ಇಂಚು ಸಾಲದು, 78ರದು ಬೇಕು.

ಅಂಗಡಿಯಲ್ಲಿ ನಾಚಿಕೆ ಬಿಡಿ

ನಮ್ಮವರು ಹಾಸಿಗೆ ಕೊಳ್ಳುವುದು ಅಂಗೈಯಿಂದ ಎರಡು ಸಲ ಅದುಮಿ, ಅಂಚಿನಲ್ಲಿ ಒಮ್ಮೆ ಕೂತು. ಬೆನ್ನಿಗೆ ಏನು ಬೇಕೆಂದು ಅಂಗೈಗೆ ಹೇಗೆ ಗೊತ್ತಾಗಬೇಕು? ಚಪ್ಪಲಿ ಕಳಚಿ ಮಲಗಿ, ಹತ್ತು ಹದಿನೈದು ನಿಮಿಷ, ಮನೆಯಲ್ಲಿ ಮಲಗುವ ಭಂಗಿಯಲ್ಲೇ. ಸಾಧ್ಯವಾದರೆ ನಿಮ್ಮ ದಿಂಬನ್ನೂ ಒಯ್ಯಿರಿ.

ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ತೂರಿಸಿ ನೋಡಿ. ಸಲೀಸಾಗಿ ಆಚೆಗೂ ಈಚೆಗೂ ಆಡಿದರೆ ಹಾಸಿಗೆ ಗಟ್ಟಿ ಹೆಚ್ಚಾಯಿತು. ಕೈ ತೂರಿಸಲೇ ಆಗದೆ, ಹೊರಳಲೂ ಕಷ್ಟವಾದರೆ ಮೆತ್ತಗೆ ಹೆಚ್ಚಾಯಿತು. ತುಸು ಬಿಗಿಯಾಗಿ ಕೈ ಹೋದರೆ ಸರಿ. ಮಗ್ಗುಲಾಗಿ ಮಲಗುವವರು ಜೊತೆಗೆ ಬಂದವರಿಗೆ ಹಿಂದಿನಿಂದ ಒಂದು ಫೋಟೊ ತೆಗೆಯಲು ಹೇಳಲಿ: ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನು ನೇರ ಗೆರೆಯಲ್ಲಿರಬೇಕು. ಅರವತ್ತು ದಾಟಿದವರು ಅಂಚಿನಲ್ಲಿ ಕೂತು ಎದ್ದು ನೋಡಬೇಕು. ಅಂಚು ಕುಸಿದರೆ, ಅಥವಾ ಪಾದ ನೆಲಕ್ಕೆ ಪೂರ್ತಿ ಊರದಷ್ಟು ಎತ್ತರವಾದರೆ, ನಡುರಾತ್ರಿ ಬಚ್ಚಲಿಗೆ ಏಳುವಾಗ ಅಪಾಯ.

ಆನ್‌ಲೈನ್ ಕೊಂಡರೆ ಮಲಗಿ ನೋಡುವ ಅವಕಾಶವಿಲ್ಲ, ಬದಲಿಗೆ ಕೆಲವು ಕಂಪನಿಗಳು 100 ರಾತ್ರಿಗಳ ಪ್ರಯೋಗಾವಧಿ ಕೊಡುತ್ತವೆ. ಒಪ್ಪಿಗೆಯಾಗದಿದ್ದರೆ ವಾಪಸು ಒಯ್ಯುವ ಖರ್ಚು ಯಾರದು, ನಿಮ್ಮ ಊರಿಗೂ ಅದು ಅನ್ವಯಿಸುತ್ತದೆಯೇ, ಹೇಳಿ ಮಾಡಿಸಿದ ಅಳತೆಗೂ ಇದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ. ವಾರಂಟಿ ಹತ್ತು ವರ್ಷ ಎಂದು ಹಿಗ್ಗಬೇಡಿ. ಎಷ್ಟು ಇಂಚು ಕುಸಿದರೆ ಬದಲಿಸಿಕೊಡುತ್ತಾರೆ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ, ಕಲೆ ಬಿದ್ದರೆ ಒಪ್ಪುವುದಿಲ್ಲ ಎಂಬುದೂ.

ದಿಂಬನ್ನು ಮರೆಯಬೇಡಿ

ಮಗ್ಗುಲಾಗಿ ಮಲಗುವವರಿಗೆ ಕಿವಿಗೂ ಭುಜದ ತುದಿಗೂ ಇರುವ ಅಂತರ ತುಂಬುವಷ್ಟು ಎತ್ತರದ ದಿಂಬು ಬೇಕು, ಮಂಡಿಗಳ ನಡುವೆ ಇನ್ನೊಂದಿದ್ದರೆ ಸೊಂಟ ತಿರುಚುವುದಿಲ್ಲ. ಅಂಗಾತ ಮಲಗುವವರಿಗೆ ತೆಳ್ಳಗಿನದು ತಲೆಗೆ, ದಪ್ಪನೆಯದು ಮಂಡಿಯ ಕೆಳಗೆ.

ಮನೆಗೆ ತಂದ ಮೇಲೆ

ಸುರುಳಿ ಸುತ್ತಿ ಬಂದ ಫೋಮ್ ಹಾಸಿಗೆ ಪೂರ್ತಿ ಉಬ್ಬಲು ಒಂದೆರಡು ದಿನ ಹಿಡಿಯುತ್ತದೆ. ವಾಸನೆ ಹೋಗಲು ಕಿಟಕಿ ತೆರೆದಿಡಿ. ಮೊದಲ ಎರಡು ಮೂರು ವಾರ ಹೊಸ ಹಾಸಿಗೆಯಲ್ಲಿ ಮೈಕೈ ಬಿಗಿಯುವುದು ಸಾಮಾನ್ಯ, ಅದಕ್ಕಿಂತ ಹೆಚ್ಚಾದರೆ ಬದಲಿಸುವ ಮಾತು ಎತ್ತಿ. ಪ್ಲಾಸ್ಟಿಕ್ ಹೊದಿಕೆಯನ್ನು ದಯವಿಟ್ಟು ತೆಗೆದುಹಾಕಿ. ಕೊಳೆಯಾಗಬಾರದೆಂದು ವರ್ಷಗಟ್ಟಲೆ ಅದರ ಮೇಲೇ ಬೆಡ್‌ಶೀಟ್ ಹಾಸಿ ಮಲಗಿ, ಬೆವರಿ ಏಳುವ ಮನೆಗಳಿವೆ. ಕೊಳೆಯ ಭಯವಿದ್ದರೆ ತೊಳೆಯಬಹುದಾದ ಹತ್ತಿಯ ಗವಸು ಹಾಕಿ.

ಮೂರು ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ. ಎರಡೂ ಬದಿ ಬಳಸಬಹುದಾದ ಹಾಸಿಗೆಯನ್ನು ಮಾತ್ರ ಮಗುಚಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಆಗಾಗ ಎತ್ತಿ ಗೋಡೆಗೆ ಒರಗಿಸಿಡಬೇಕು, ಇಲ್ಲವಾದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಪ್ಲೈವುಡ್‌ಗೆ ಅಲ್ಲಲ್ಲಿ ತೂತು ಕೊರೆಸಿದರೂ ಗಾಳಿಯಾಡುತ್ತದೆ. ಹತ್ತಿಯದನ್ನು ಬಿಸಿಲಿಗೆ ಹಾಕಿ. ಫೋಮ್ ಮತ್ತು ಲ್ಯಾಟೆಕ್ಸ್ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತವೆ, ಅವಕ್ಕೆ ನೆರಳಿನ ಗಾಳಿ ಸಾಕು.